ಗುಂಡಿಗಳಿಗೆ ಹೆಸರಿಡುವ ಬಟನಕ್ಕ

ಬೆಳಕು ಇನ್ನೂ ಕಿಟಕಿಯ ಸರಳಿಗೆ ತಾಗಿಲ್ಲ. ಕೋಣೆಯೊಳಗೆ ಜೀವವಿಲ್ಲದ ದನಿಯೊಂದು ಒಂದೇ ರಾಗ ಎಳೆಯುತ್ತಿದೆ: ‘ಬಟನ್. ಬಟನ್. ಬಟನ್.’ ಕಣ್ಣು ಕಾಣದ ಅಣ್ಣನಿಗೆ ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ತಂತ್ರಾಂಶದ ದನಿ ಅದು. ಪಕ್ಕದಲ್ಲಿ ಕೂತ ತಂಗಿ ಮೂಗು ಹಿಡಿದುಕೊಂಡು ಅಣಕಿಸುತ್ತಾಳೆ: “ಬಟನ್. ಟೀ ಆರ್ತಾ ಇದೆ. ಬಟನ್.”

“ನಗಿಸ್ಬೇಡ, ಸುಮ್ನಿರೇ. ಇವ್ರು ಮತ್ತೆ ಎಲ್ಲಾ ಎತ್ತಿ ಎಲ್ಲೆಲ್ಲೋ ಇಟ್ಟಿದ್ದಾರೆ. ಉತ್ತರ ಕೊಡೋದು ಯಾವುದು?”

‘ಇವ್ರು’ ಎಂದರೆ ದೊಡ್ಡದೊಂದು ಸಾಮಾಜಿಕ ಜಾಲತಾಣದವರು. ರಾತ್ರೋರಾತ್ರಿ ಕೋಡ್ ಬದಲಿಸಿದ್ದಾರೆ. ಕಣ್ಣಿದ್ದವರಿಗೆ ಗುಂಡಿಯ ಮೇಲಿನ ಚಿತ್ರ ಸಾಕು; ಕಿವಿಯಲ್ಲೇ ಓದುವವರಿಗೆ ಹೆಸರು ಬೇಕು. ತಾಣದವರು ಬರೆಯದ ಆ ಹೆಸರನ್ನು ಬರೆಯುವವಳು ಈಕೆ. ಹಗಲು ಜೆರಾಕ್ಸ್ ಅಂಗಡಿಯಲ್ಲಿ ದುಡಿಮೆ. ಬೆಳಗಿನ ಜಾವ, ಗುಂಡಿಗಳಿಗೆ ಹೆಸರು ಅಂಟಿಸುವ ತನ್ನದೇ ಪುಟ್ಟ ಪ್ರೋಗ್ರಾಂನ ರಿಪೇರಿ. ಅದನ್ನು ಪುಕ್ಕಟೆ ಪಡೆದ ಅಂಧರ ಬಾಯಲ್ಲಿ ಈಕೆ ‘ಬಟನಕ್ಕ’.

ತಾಣದ ಕೋಡ್ ಒಳಗೊಳಗೇ ಹೇಗೆ ಓಡುತ್ತದೆಂದು ತೋರಿಸುವ ಬ್ರೌಸರಿನ ಡೀಬಗ್ ಕಿಟಕಿ ತೆರೆದುಕೊಳ್ಳುತ್ತದೆ. ಅಲ್ಲಿ ಕೋಡಿನ ತುಣುಕುಗಳಿಗೆ ಬರೀ ಒಂದಕ್ಷರದ ಹೆಸರು. ‘ಎ’ ಕೂಗಿದರೆ ‘ಬಿ’ ಓಡಿಬರುತ್ತದೆ, ‘ಬಿ’ ಹೋಗಿ ‘ಸಿ’ಯ ಬಾಗಿಲು ಬಡಿಯುತ್ತದೆ. “ಇಲ್ಲಿ ಯಾರಿಗೂ ಅಪ್ಪ-ಅಮ್ಮ ನೆಟ್ಟಗೆ ಹೆಸರಿಟ್ಟಿಲ್ಲ,” ಎನ್ನುತ್ತಾಳೆ.

ಮೊದಮೊದಲು ಈಕೆ ಹಿಡಿದದ್ದು ಸುಲಭದ ದಾರಿ: ಎಡದಿಂದ ಮೂರನೆಯದು ‘ಉತ್ತರಿಸು’. ಒಂದು ದಿನ ತಾಣದವರು ನಡುವೆ ಹೊಸ ಗುಂಡಿ ತೂರಿಸಿದರು. ಪಿಯಾನೊಗಳ ಶ್ರುತಿ ಸರಿಪಡಿಸಿ ಬದುಕುವ ಅಣ್ಣ, ಹಳೆಯ ಗಿರಾಕಿ ಸಂಗೀತದ ಟೀಚರಿಗೆ ‘ಉತ್ತರಿಸು’ ಎಂದು ಒತ್ತಿದ್ದು ಅವರನ್ನೇ ಬ್ಲಾಕ್ ಮಾಡಿತು. ಮುನಿಸು ಕರಗಲು ತಿಂಗಳು ಹಿಡಿಯಿತು. “ಅವತ್ತಿಂದ ಜಾಗ ನೋಡಿ ಹೆಸರಿಡಲ್ಲ. ಕೆಲಸ ನೋಡಿ ಇಡ್ತೀನಿ.”

ಅದೇ ಟೀಚರು ನಿನ್ನೆ ಬರೆದಿದ್ದಾರೆ: ಪಿಯಾನೊ ಶ್ರುತಿ ಮಾಡಲು ಬರುತ್ತೀರಾ, ಬೆಳಿಗ್ಗೆಯೊಳಗೆ ತಿಳಿಸಿ, ಇಲ್ಲವಾದರೆ ಬೇರೆಯವರನ್ನು ಕರೆಸುತ್ತೇವೆ.

“ಇವತ್ತೊಂದಿನ ನಾನೇ ಒತ್ತಿಬಿಡ್ಲಾ, ಅಣ್ಣ?”

“ನೀನು ಅಂಗಡಿಗೆ ಹೋದ್ಮೇಲೆ? ನನ್ನಂಥವ್ರು ಎಷ್ಟು ಜನ ಇದ್ದಾರೆ, ಎಲ್ರಿಗೂ ಒಬ್ಬೊಬ್ಬ ತಂಗೀನ ಎಲ್ಲಿಂದ ತರೋದು?”

ಆಕೆ ಮತ್ತೆ ಡೀಬಗ್ ಕಿಟಕಿಗೆ ತಿರುಗುತ್ತಾಳೆ. ಗುಂಡಿ ಒತ್ತಿದೊಡನೆ ಕೋಡ್ ಎತ್ತಿದ ಕಾಲು ಊರದಂತೆ ತಡೆ ಹಾಕಿ, ಒಂದೊಂದನ್ನೇ ಒತ್ತಿ, ಅದು ಹೊರಟಿರುವುದೆಲ್ಲಿಗೆ ಎಂದು ಹಿಂದೆಯೇ ಹೋಗುತ್ತಾಳೆ. ಮೊದಲನೆಯದು ಪತ್ರ ಅಳಿಸಲು ಹೊರಟಿದೆ. ಅಳಿಸುವ ಮೊದಲೇ ಪುಟವನ್ನು ಹೊಸದಾಗಿ ತೆರೆಯುತ್ತಾಳೆ. ಎರಡನೆಯದು ಬ್ಲಾಕ್. “ಸಿಕ್ಕಿದ್ಯಾ, ಕಳ್ಳ.” ಮೂರನೆಯದಲ್ಲ, ನಾಲ್ಕನೆಯದೂ ಅಲ್ಲ, ಕೊನೆಯದು ಉತ್ತರದ ಚೌಕ ತೆರೆಯುತ್ತದೆ. ಹೆಸರು ಬರೆಯುತ್ತಾಳೆ.

‘ಉತ್ತರಿಸು, ಬಟನ್,’ ಎನ್ನುತ್ತದೆ ದನಿ. ಅಣ್ಣನ ಬೆರಳು ಕೀಲಿಯ ಮೇಲೆಯೇ ನಿಲ್ಲುತ್ತದೆ.

“ಖಾತ್ರಿನಾ?”

“ಒಳಗೆ ಹೋಗಿ ನೋಡ್ಕೊಂಡು ಬಂದಿದ್ದೀನಿ.”

ಒತ್ತುತ್ತಾನೆ. ಚೌಕ ತೆರೆದುಕೊಳ್ಳುತ್ತದೆ. ‘ಬರ್ತೀನಿ’ ಎಂದು ಬರೆದು ಕಳಿಸಿ, ಉಪಕರಣದ ಚೀಲ ಹುಡುಕುತ್ತ ಏಳುತ್ತಾನೆ.

ಆಸೆ ಏನು ಎಂದು ಕೇಳಿದರೆ ಬಟನಕ್ಕ ಅಣ್ಣ ಹೋದ ಬಾಗಿಲನ್ನೇ ನೋಡುತ್ತಾಳೆ. “ಅವ್ರೇ ಎಲ್ಲಾ ಗುಂಡಿಗೂ ಹೆಸರಿಟ್ಬಿಡ್ಲಿ. ಇರೋ ಕೆಲಸ ಹೋಗ್ಲಪ್ಪಾ ಅಂತ ಬೇಡ್ಕೊಳ್ಳೋಳು ನಾನೊಬ್ಳೇ ಇರ್ಬೇಕು.”