ಹೆಣ್ಣು ನೋಡುವ ದಿನ ನನ್ನ ಗಿಟಾರು

ತಂತಿ ಹರಿಯಬಹುದು, ಬೆರಳು ಜಾರಬಹುದು, ಗಂಡಿನ ಕಡೆಯವರು ನಕ್ಕು ರಾಜಾಜಿನಗರದಿಂದ ಸೀದಾ ಹೋಗಿ ಮೈಸೂರು ರೈಲು ಹತ್ತಬಹುದು, ಮಗಳ ಮದುವೆ ನನ್ನಿಂದಲೇ ತಪ್ಪಬಹುದು. ಅವಳನ್ನು ನೋಡಲು ಬರುವವರ ಮುಂದೆ ಅವಳು ಹಾಡುವ ದೇವರನಾಮಕ್ಕೆ ಗಿಟಾರು ನುಡಿಸುತ್ತೇನೆಂದು ಒಪ್ಪಿಕೊಂಡ ದಿನದಿಂದ ನನಗೆ ಇದೇ ಚಿಂತೆ. ದಿನಾ ಸಂಜೆ ಅಭ್ಯಾಸಕ್ಕೆ ಕೂತೆ.

"ರೀ, ನಿಮ್ಮ ಬೆರಳು ಪಳಗೋ ಹೊತ್ತಿಗೆ ಮೊಮ್ಮಕ್ಕಳೇ ಆಗಿರ್ತಾರೆ," ಎಂದಳು ಹೆಂಡತಿ.

ಅವರು ಬಂದ ದಿನ ತಂತಿ ಹರಿಯಲಿಲ್ಲ, ಯಾರೂ ನಗಲಿಲ್ಲ. ಬೆರಳಿನಿಂದ ಕಣ್ಣು ಕೀಳದೆ ಎರಡು ನುಡಿ ದಾಟಿ ಮೂರನೆಯದಕ್ಕೆ ಬಂದಿದ್ದೆ. ಆಗ ಹುಡುಗನ ತಾಯಿ ಮೆಲ್ಲಗೆ, "ಬೀಗರೇ, ಹುಡುಗಿ ನಮಗೆ ಒಪ್ಪಿಗೆ. ಇನ್ನಾದ್ರೂ ನಿಲ್ಲಿಸಿ," ಎಂದರು.

ತಲೆ ಎತ್ತಿ ನೋಡಿದರೆ ಹಾಡು ಯಾವಾಗಲೋ ಮುಗಿದು, ಮಗಳು ಖಾಲಿ ಕಾಫಿ ಲೋಟಗಳನ್ನು ಒಳಗೆ ಒಯ್ಯುತ್ತಿದ್ದಳು.