ಚೆನ್ನಾಗಿದ್ದೀನಿ ಎಂದು ಬರೆದ ಕಾಗದ

ಕಡಲಾಚೆ ದುಡಿಯಲು ಹೋದ ನಮ್ಮ ಕಡೆಯವರಿಗೆ ಕಷ್ಟ ಬಂದಾಗ ನೆರವಾಗುವ ಹಳೆಯ ಸಂಘವೊಂದು ಚನ್ನಪಟ್ಟಣದಲ್ಲಿದೆ. ಅದಕ್ಕೆ ಚಂದಾ ಎತ್ತಲು ಹೋದ ವರ್ಷ ಉಪನ್ಯಾಸ ಇಟ್ಟುಕೊಂಡು ನನ್ನನ್ನು ಕರೆದರು. ಜೀವಮಾನವೆಲ್ಲ ಪಾಠ ಮಾಡಿದವಳು ನಾನು. ಮೈಕು ಕೊಟ್ಟವರೇ ಬಂದು ಕಿತ್ತುಕೊಳ್ಳಬೇಕು. ವಲಸೆಯ ಚರಿತ್ರೆ ಅಂತ ಹತ್ತು ಹಾಳೆ ಬರೆದುಕೊಂಡು ಹೋದೆ.

ಊಟವಾದ ಮೇಲಿನ ಹೊತ್ತು. ಕಿಟಕಿಯ ಬಿಸಿಲು ಖಾಲಿ ಕುರ್ಚಿಗಳ ಮೇಲೆ ಬಿದ್ದುಕೊಂಡಿತ್ತು. ಎಲ್ಲಿಂದಲೋ ಬೊಂಬೆಗೆ ಹಚ್ಚುವ ಅರಗಿನ ವಾಸನೆ. ಅರ್ಧ ಸಭೆ ತೂಕಡಿಸುತ್ತಿತ್ತು, ನನ್ನ ದನಿ ಕೇಳಿ ನನಗೂ ಕಣ್ಣು ಎಳೆಯುತ್ತಿತ್ತು. ಎರಡನೇ ಹಾಳೆ ಓದುವಾಗ ಕುರ್ಚಿಗಳ ಮೂರನೇ ಸಾಲಿನಲ್ಲಿ ಅವನು ಕಂಡ. ಬೈರಾಪಟ್ಟಣದ ನಮ್ಮ ಪಕ್ಕದ ಮನೆಯ ಅಣ್ಣ, ಈಗ ತಲೆಯೆಲ್ಲ ಬೆಳ್ಳಗೆ.

ಅಕ್ಷರಗಳು ತೇಲತೊಡಗಿದವು. ಸಭೆ ಕರಗಿ, ನಾನು ಅವರ ಮನೆ ಜಗಲಿಯ ಮೇಲೆ ಕೂತಿದ್ದೆ. ಆಗ ಅವನು ಮಸ್ಕತ್ತಿನಲ್ಲಿ ಲಾರಿ ಓಡಿಸುತ್ತಿದ್ದ. ಅವನ ಅವ್ವ ಹೇಳಿದ್ದನ್ನು ಕಾಗದದಲ್ಲಿ ಬರೆದುಕೊಡುತ್ತಿದ್ದವಳು ಹೈಸ್ಕೂಲು ಹುಡುಗಿಯಾದ ನಾನು. ಮಂಡಿ ನೋವು, ಎಮ್ಮೆ ಒದೆಯುತ್ತದೆ, ಸೊಸೆ ಉಪ್ಪು ಸುರಿಯುತ್ತಾಳೆ, ಎಲ್ಲವನ್ನೂ ಬರೆಯಬೇಕು. ಕೊನೆಯ ಸಲ ಆಕೆ ಚಾಪೆ ಹಿಡಿದಿದ್ದಳು, ಗಂಜಿಯೂ ಇಳಿಯುತ್ತಿರಲಿಲ್ಲ.

"ನಾನು ಚೆನ್ನಾಗಿವ್ನಿ, ನೀನು ಒಸಿ ನಿಧಾನುಕ್ಕೇ ಬಾ ಅಂತ ಬರಿಯವ್ವಾ" ಅಂದಳು. ಸುಳ್ಳೆಂದು ಗೊತ್ತಿದ್ದೂ ಬರೆದೆ. ಅವನು ಬರುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಅಂದಿನಿಂದ ಅವನು ಎದುರಾದರೆ ನಾನು ಬೇರೆ ಓಣಿ ಹಿಡಿಯುತ್ತಿದ್ದೆ. ಅವನ ಅವ್ವನ ಮುಖ ಅವನಿಗೆ ತಪ್ಪಿಸಿದವಳು ನಾನೇ ಎಂಬ ಅಳುಕು ನನ್ನನ್ನು ಬಿಟ್ಟಿರಲಿಲ್ಲ.

ಹಾಳೆಗಳನ್ನು ಮಡಿಸಿಟ್ಟೆ. ಯಾರೆಂದು ಹೇಳದೆ ಇಷ್ಟನ್ನೂ ಸಭೆಗೆ ಹೇಳಿ, "ತಪ್ಪಾಯ್ತು ಅಣ್ಣ" ಅಂದೆ. ತೂಕಡಿಸುತ್ತಿದ್ದವರೂ ಎದ್ದು ಕೂತರು. ಬೈದರೆ ಬೈಯಲಿ ಎಂದು ಕಾದೆ. ಅವನು ಹೆಗಲ ಟವಲು ಸರಿಮಾಡಿಕೊಂಡು ನಿಧಾನವಾಗಿ ಎದ್ದು ನಿಂತ.

"ನಮ್ಮವ್ವ ಯಾವತ್ತೂ ಚೆನ್ನಾಗಿವ್ನಿ ಅಂದೋಳಲ್ಲ ಕಣವ್ವಾ. ಎಮ್ಮೆ, ಮಂಡಿ ನೋವು ಇಲ್ದಿರೋ ಕಾಗ್ದ ಅದೊಂದೇಯ. ಓದ್ತಿದ್ದಂಗೇ ಗೊತ್ತಾಗೋಯ್ತು, ಅವ್ವ ಉಳಿಯಾಕಿಲ್ಲ ಅಂತ. ಪಾಸ್‌ಪೋರ್ಟು ಮಾಲೀಕನ ತವ ಇತ್ತು. ಕಾಲು ಹಿಡಿದ್ರೂ ಕೊಡ್ನಿಲ್ಲ. ಈ ಸಂಘದೋರು ಓಡಾಡಿ ಬುಡಿಸ್ಕೊಡೋ ಹೊತ್ಗೆ ಅವ್ವ ಮಣ್ಣಾಗಿದ್ಲು."

ಆಮೇಲೆ ಸಂಘದವರು ಹುಂಡಿ ಹಿಡಿದು ಬಂದರು, ಜನ ಕೈಲಾದಷ್ಟು ಹಾಕಿದರು. ತಿಳಿಯದೆ ಮೋಸಹೋದ ಎಂದೇ ಇಷ್ಟು ವರ್ಷ ಅವನಿಗಾಗಿ ಮರುಗಿದ್ದೆ. ಅವನಿಗೆ ಎಲ್ಲ ತಿಳಿದಿತ್ತು, ತಿಳಿದೂ ಬರಲಾಗಿರಲಿಲ್ಲ.