ಕಸದ ಗುಡ್ಡದ ಕಾವು ನೋಡುವ ಗುರುವಣ್ಣ

ಬೆಳಗಿನ ಐದು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ. ಒಮಾನಿನ ಸಹಮ್ ಪಟ್ಟಣದಿಂದ ಬೆಟ್ಟಗಳ ಕಡೆಗೆ ಹದಿನಾರು ಕಿಲೋಮೀಟರ್ ಒಳಗೆ, ಜಲ್ಲಿಕಲ್ಲಿನ ಬಯಲಿನ ನಡುವೆ ಎದ್ದಿರುವ ಗುಡ್ಡವೊಂದರ ಮೇಲೆ ಗುರುವ ಮೊಣಕಾಲೂರಿ ಕೂತಿದ್ದಾರೆ. ಬಲಗೈಯ ಗ್ಲೌಸ್ ತೆಗೆದು, ಕೈಯ ಹಿಂಬದಿಯನ್ನು ಮಣ್ಣಿಗೆ ತಾಗಿಸಿ ಕಾವು ನೋಡುತ್ತಾರೆ. ಆಮೇಲೆ ಪಕ್ಕದಲ್ಲಿ ನೆಟ್ಟಗೆ ನಿಂತ ಕಪ್ಪು ಪೈಪಿನ ಬಾಯಿಗೆ ಗ್ಯಾಸ್ ಮೀಟರಿನ ಸಣ್ಣ ಟ್ಯೂಬ್ ಸಿಕ್ಕಿಸುತ್ತಾರೆ. ಮೀಟರ್ ಗುರ್ ಎಂದು ಉಸಿರೆಳೆದುಕೊಂಡು ನಾಲ್ಕು ಅಂಕಿ ತೋರಿಸುತ್ತದೆ. ಅವನ್ನು ನೋಡಿದ ಮೇಲೆಯೇ ಅವರ ಹೆಗಲು ಸ್ವಲ್ಪ ಇಳಿಯುತ್ತದೆ. ಎದ್ದು ಮುಂದಿನ ಪೈಪಿನ ಕಡೆ ನಡೆಯುತ್ತಾರೆ.

ದೂರದಿಂದ ನೋಡಿದವರಿಗೆ ಇದು ಗುಡ್ಡ. ಗುರುವರಿಗೆ ಇದು ಇಪ್ಪತ್ತೆರಡು ವರ್ಷ ಕಾಲ ಒಂದು ಇಡೀ ಕರಾವಳಿ ಎಸೆದ ಕಸ. ಹಳೆಯ ಸೋಫಾ, ಮೀನಿನ ತಲೆ, ಮದುವೆಯಲ್ಲಿ ಉಳಿದ ಅನ್ನ, ಟೈರು, ಖರ್ಜೂರದ ಗರಿ, ಎಲ್ಲವೂ ಮಣ್ಣಿನ ಕೆಳಗೆ ಮೂವತ್ತು ಅಡಿ ದಪ್ಪಕ್ಕೆ ಕೊಳೆಯುತ್ತಿವೆ. ಕಸ ಸುರಿಯುವುದನ್ನು ನಿಲ್ಲಿಸಿ ಆರು ವರ್ಷವಾಗಿದೆ. ಕೊಳೆಯುವುದು ಮಾತ್ರ ನಿಂತಿಲ್ಲ. ಹಾಗೆ ಕೊಳೆತಾಗ ಹುಟ್ಟುವ ಮೀಥೇನ್ ಅನಿಲವನ್ನು ಐವತ್ತೆಂಟು ಕೊಳವೆ ಬಾವಿಗಳ ಮೂಲಕ ಹೀರಿ, ಗುಡ್ಡದ ಬುಡದಲ್ಲಿರುವ ಎಂಜಿನ್‌ಗೆ ಕೊಟ್ಟು ವಿದ್ಯುತ್ ಮಾಡುತ್ತಾರೆ. ಐವತ್ತೆಂಟೂ ಬಾವಿಗಳನ್ನು ಬಿಸಿಲೇರುವ ಮೊದಲು ನೋಡಿ ಮುಗಿಸುವುದು ಗುರುವರ ಕೆಲಸ. ನಡಿಗೆಯೂ ಸೇರಿ ಬಾವಿಯೊಂದಕ್ಕೆ ಮೂರು ನಿಮಿಷ, ಒಟ್ಟು ದಾರಿ ನಾಲ್ಕೂವರೆ ಕಿಲೋಮೀಟರ್. ಜೂನ್ ತಿಂಗಳಲ್ಲಿ ಎಂಟು ಗಂಟೆಗೇ ಇಲ್ಲಿ ನಲವತ್ತು ಡಿಗ್ರಿ ಇರುತ್ತದೆ.

ಕೊಳೆತ ಮೊಟ್ಟೆಯಂಥ ಒಂದು ವಾಸನೆ ಗುಡ್ಡದ ಸುತ್ತ ಸದಾ ಇದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಗುರುವರಿಗೆ ಹೆದರಿಕೆ ಆಗುವುದು ಅದು ಇಲ್ಲದಿದ್ದಾಗ. "ವಾಸನೆ ಬಂದ್ರೆ ತೊಂದ್ರೆ ಇಲ್ಲ. ಗ್ಯಾಸ್ ಜಾಸ್ತಿ ಆದ್ರೆ ಮೂಗು ಸತ್ತು ಹೋಗ್ತದೆ, ಏನೂ ಗೊತ್ತಾಗುದಿಲ್ಲ. ಒಮ್ಮೆಲೆ ವಾಸನೆ ನಿಂತ್ರೆ ಹಿಂದೆ ತಿರುಗಿ ಓಡುದು, ಅಷ್ಟೆ," ಎನ್ನುತ್ತಾರೆ. ಹಾಗೆ ಎರಡು ಸಲ ಓಡಿದ್ದಾರೆ. ಎರಡನೆಯ ಸಲ ಚಪ್ಪಟೆ ಕಲ್ಲಿನ ಮೇಲೆ ಜಾರಿ ಬಿದ್ದು ಮೊಣಕೈ ಮುರಿದುಕೊಂಡಿದ್ದರು. ಮುರಿದ ಕೈಯನ್ನು ಎತ್ತಿ ಹಿಡಿದುಕೊಂಡೇ ಗೇಟಿನವರೆಗೆ ಓಡಿದರಂತೆ.

ಗುರುವರಿಗೆ ಈಗ ಐವತ್ತಾರು. ಕಿನ್ನಿಗೋಳಿ ಹತ್ತಿರದವರು. ಮಂಗಳೂರಿನಲ್ಲಿ ಐಟಿಐ ಫಿಟ್ಟರ್ ಕಲಿತು, ಇಪ್ಪತ್ತೆರಡು ವರ್ಷದ ಹಿಂದೆ ಪೈಪ್ ಜೋಡಿಸುವ ಕೆಲಸಕ್ಕೆಂದು ಒಮಾನಿಗೆ ಬಂದರು. ಹೆಂಡತಿ ಕುಸುಮ ಸಹಮ್ ಪೇಟೆಯ ಹೊಲಿಗೆ ಅಂಗಡಿಯಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಾರೆ. ಮಗಳು ಯಶ್ಮಿತಾ ಹನ್ನೊಂದನೆಯ ತರಗತಿ. ಅಪ್ಪ ತುಳುವಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಅಪ್ಪನ ಕೆಲಸವೇನೆಂದು ಗೆಳತಿಯರು ಕೇಳಿದರೆ ಎನರ್ಜಿ ಕಂಪನಿ ಎನ್ನುತ್ತಾಳೆ. ಅದು ಸುಳ್ಳೇನಲ್ಲ ಎಂದು ಗುರುವ ನಗುತ್ತಾರೆ.

ಅವರ ಭಯಕ್ಕೆ ಒಂದು ಮುಖವಿದೆ. ಹನ್ನೊಂದು ವರ್ಷದ ಹಿಂದೆ, ಬೇರೊಂದು ಕಡೆಯ ಹಳೆಯ ಕಸದ ರಾಶಿಯಲ್ಲಿ ಗುರುವರ ಜೊತೆ ಬಜ್ಪೆಯ ಆಲ್ಫ್ರೆಡ್ ಎಂಬವರು ಕೆಲಸಕ್ಕಿದ್ದರು. ಆ ರಾಶಿಯ ಒಳಗೆ ಬೆಂಕಿ ಹತ್ತಿಕೊಂಡಿತ್ತು. ಜ್ವಾಲೆಯಿಲ್ಲ, ಹೊಗೆಯೂ ಇಲ್ಲ. ನೆಲದಡಿ ಕಸ ಕೆಂಡವಾಗಿ ಬೇಯುತ್ತಿತ್ತು, ಮೇಲೆ ಮಣ್ಣು ಮಾಮೂಲಿನಂತೆಯೇ ಇತ್ತು. ಆಲ್ಫ್ರೆಡ್ ಕಾಲಿಟ್ಟಲ್ಲಿ ಆ ಮಣ್ಣು ಕುಸಿಯಿತು. ಮೊಣಕಾಲಿನವರೆಗೆ ಒಳಗೆ ಹೋದವರನ್ನು ಗುರುವರೇ ಕಂಕುಳಿಗೆ ಕೈ ಹಾಕಿ ಎಳೆದರು. ಬೂಟು ಒಳಗೇ ಉಳಿಯಿತು. ಆಲ್ಫ್ರೆಡ್ ಊರಿಗೆ ಹೋಗಿ ಈಗ ಕೋಲು ಹಿಡಿದು ನಡೆಯುತ್ತಾರೆ. ಆ ಬೆಂಕಿ ಆರಲು ಐದು ತಿಂಗಳು ಹಿಡಿಯಿತು. ಕುಸಿದ ಬಾಯಿಂದ ಹೊಗೆ ಎದ್ದು, ಅಷ್ಟು ದಿನವೂ ಸುತ್ತಲಿನ ಮನೆಗಳ ಮಕ್ಕಳು ಕೆಮ್ಮುತ್ತಿದ್ದರು.

ಕಳೆದ ಮೇ ತಿಂಗಳಲ್ಲಿ ಅಂಥದೇ ಬೆಂಕಿ ಈ ಗುಡ್ಡಕ್ಕೂ ಬಂದಿತ್ತು. ಸಹಮ್‌ನಲ್ಲಿ ಹೆಚ್ಚಿನವರಿಗೆ ಅದು ಇವತ್ತಿಗೂ ಗೊತ್ತಿಲ್ಲ.

ಹವಾಮಾನದ ಗುರಿಗಳಲ್ಲಿ ತಮ್ಮ ಪಾಲು ಏನೆಂದು ಸ್ಥಳೀಯ ಕೌನ್ಸಿಲ್ ಎರಡು ವರ್ಷದ ಹಿಂದೆ ನಿರ್ಧರಿಸಿತ್ತು. ಗಾಳಿಗೆ ಸೇರುವ ಮೀಥೇನ್ ಕಡಿಮೆ ಮಾಡಬೇಕು, ಕಸದ ಗುಡ್ಡದಿಂದ ಒಂದು ಮೆಗಾವಾಟ್ ವಿದ್ಯುತ್ ತೆಗೆದು ಬೀದಿದೀಪ ಮತ್ತು ನೀರಿನ ಪಂಪುಗಳಿಗೆ ಕೊಡಬೇಕು ಎಂಬುದು ಅದರಲ್ಲಿ ಒಂದು. ಒಳ್ಳೆಯ ನಿರ್ಧಾರವೇ. ಆದರೆ ಗುಡ್ಡ ಕೊಡುತ್ತಿದ್ದದ್ದು ಏಳುನೂರ ನಲವತ್ತು ಕಿಲೋವಾಟ್. ಕೌನ್ಸಿಲ್ಲಿನವರು ಬುಧವಾರ ಗುಡ್ಡ ನೋಡಲು ಬರುತ್ತಾರೆ ಎಂದಾದಾಗ, ಗುತ್ತಿಗೆ ಹಿಡಿದ ಕಂಪನಿಯ ಮ್ಯಾನೇಜರ್‌ಗೆ ಎಂಜಿನ್ ಶೆಡ್ಡಿನ ಬೋರ್ಡಿನ ಮೇಲೆ ಸಾವಿರ ಕಿಲೋವಾಟ್ ಎಂಬ ಅಂಕಿ ಕಾಣಬೇಕಿತ್ತು. ಭಾನುವಾರ ಎಲ್ಲ ಬಾವಿಗಳ ವಾಲ್ವನ್ನೂ ಪೂರ್ತಿ ತೆರೆಯಲು ಹೇಳಿದರು.

ಗುರುವ ತೆರೆದರು. ಬೇಡವೆಂದು ಮನಸ್ಸಿಗೆ ಅನ್ನಿಸುತ್ತಿದ್ದರೂ ಅಂದು ಬಾಯಿ ಬಿಡಲಿಲ್ಲ. ಈ ಮಾತು ಹೇಳುವಾಗ ಅವರು ತಲೆ ಎತ್ತುವುದಿಲ್ಲ. ವೀಸಾ ನವೀಕರಣದ ತಿಂಗಳು ಅದು. ಕಾಗದ ಕಂಪನಿಯ ಮೇಜಿನ ಮೇಲಿತ್ತು.

ಗುಡ್ಡದಿಂದ ಮಿತಿಮೀರಿ ಅನಿಲ ಹೀರಿದರೆ, ಅದು ತನ್ನ ಮಣ್ಣಿನ ಬಿರುಕುಗಳಿಂದ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ಮೊದಲೇ ಬಿಸಿಯಿದೆ, ಸುಡುವ ವಸ್ತುವಿದೆ. ಗಾಳಿಯೊಂದು ಕಡಿಮೆ ಇತ್ತು. ಸೋಮವಾರ ಬೆಳಿಗ್ಗೆ ಮೂವತ್ತೇಳನೆಯ ಬಾವಿಯಲ್ಲಿ ಆಮ್ಲಜನಕ ಶೇಕಡಾ ಮೂರು ತೋರಿಸಿತು. ಒಂದರ ಮೇಲೆ ಹೋಗಬಾರದು. ಕಾವು ಐವತ್ತೆರಡರಿಂದ ಐವತ್ತೊಂಬತ್ತು ಡಿಗ್ರಿಗೆ ಏರಿತ್ತು. ಗುರುವ ಅಂಕಿಗಳನ್ನು ಮ್ಯಾನೇಜರ್‌ಗೆ ಕಳಿಸಿದರು. ನಾಳೆ ನೋಡೋಣ ಎಂಬ ಉತ್ತರ ಬಂತು. ಅಂದು ಮನೆಯಲ್ಲಿ ಅವರು ತಟ್ಟೆಯ ಊಟ ಮುಟ್ಟದೆ ಎದ್ದದ್ದನ್ನು ಕಂಡ ಕುಸುಮ, ಗುಡ್ಡದಲ್ಲಿ ಏನಾಯಿತೆಂದು ಕೇಳಿದರು. ಏನಿಲ್ಲ ಎಂದರು ಗುರುವ. "ಏನಿಲ್ಲ ಅಂದ್ರೆ ನನಗೆ ಜಾಸ್ತಿ ಹೆದರಿಕೆ," ಎಂದು ಕುಸುಮ ಅಡುಗೆಮನೆಗೆ ಹೋದರು.

ಮಂಗಳವಾರ ಮೂವತ್ತೇಳರ ಹತ್ತಿರ ಹೋಗುವಾಗಲೇ ಬೇರೆ ವಾಸನೆ ಬಂತು. ಸುಟ್ಟ ರಬ್ಬರಿನ ಹಾಗೆ, ಜೊತೆಗೆ ಸ್ವಲ್ಪ ಸಿಹಿ. ಆಲ್ಫ್ರೆಡ್ ಬಿದ್ದ ದಿನವೂ ಇದೇ ವಾಸನೆ ಇತ್ತು. ಬಾವಿಯ ರಬ್ಬರ್ ಹೋಸ್ ಮೆತ್ತಗಾಗಿತ್ತು. ಕಾವು ಅರವತ್ತೆಂಟು. ನಾಲ್ಕು ಹೆಜ್ಜೆ ಆಚೆ ನೆಲ ತಟ್ಟೆಯಷ್ಟು ಅಗಲಕ್ಕೆ ತಗ್ಗಿತ್ತು. ನಿಂತ ಜಾಗ ಗಟ್ಟಿಯಿದೆಯೇ ಎಂಬುದೂ ತಿಳಿಯದು. ಕೈಯಲ್ಲಿದ್ದ ಕಬ್ಬಿಣದ ಸರಳಿನಿಂದ ನೆಲವನ್ನು ಚುಚ್ಚಿ ನೋಡುತ್ತ, ತಾವು ಬಂದ ಹೆಜ್ಜೆಗಳ ಮೇಲೆಯೇ ಹೆಜ್ಜೆಯಿಟ್ಟು ಹಿಂದೆ ಸರಿಯಬಹುದಿತ್ತು. ಆದರೆ ವಾಲ್ವ್ ಇದ್ದದ್ದು ಮುಂದೆ.

"ಓಡ್ಲಿಕ್ಕೆ ಮನಸ್ಸು ಉಂಟು, ಕಾಲು ಮುಂದೆ ಹೋಗ್ತಾ ಉಂಟು. ರಾತ್ರಿ ಇಲ್ಲಿ ಗಾಳಿ ಬೆಟ್ಟದಿಂದ ಸಮುದ್ರದ ಕಡೆಗೆ ಬೀಸ್ತದೆ. ಹೊಗೆ ಎದ್ರೆ ಸೀದಾ ಸಹಮ್‌ಗೆ. ಮಗಳು ಕಿಟಕಿ ತೆರೆದು ಮಲಗ್ತಾಳೆ. ಅದೊಂದೇ ತಲೆಯಲ್ಲಿ ಇದ್ದದ್ದು."

ಮೂವತ್ತೇಳನೆಯ ವಾಲ್ವನ್ನೂ ಸುತ್ತಲಿನ ಇಪ್ಪತ್ತು ಬಾವಿಗಳ ವಾಲ್ವನ್ನೂ ಅವರು ಯಾರನ್ನೂ ಕೇಳದೆ ಮುಚ್ಚಿದರು. ಕೆಳಗೆ ಎಂಜಿನ್ನಿನ ದನಿ ಬದಲಾಯಿತು. ಒಂಬೈನೂರ ಅರವತ್ತಕ್ಕೆ ಏರಿದ್ದ ಅಂಕಿ ಆರುನೂರ ಹತ್ತಕ್ಕೆ ಬಿತ್ತು.

ಸೈಟ್ ಎಂಜಿನಿಯರ್ ತೇಜಸ್ವಿ ಮೈಸೂರಿನವರು, ಮೂವತ್ತರ ಆಸುಪಾಸು. ಗುಡ್ಡದ ಮೇಲೆ ಓಡಿ ಬಂದಾಗ ಅವರ ಕೈಯಲ್ಲಿದ್ದ ಫೋನಿನಲ್ಲಿ ಮ್ಯಾನೇಜರ್ ಇನ್ನೂ ಮಾತಾಡುತ್ತಲೇ ಇದ್ದರಂತೆ. ಒಂದೇ ದಿನದ ಮಟ್ಟಿಗೆ ತೆರೆಯಿರಿ, ಕೌನ್ಸಿಲ್ಲಿನವರು ಹೋದ ಮೇಲೆ ಮುಚ್ಚಿ ಎಂಬುದು ಆಜ್ಞೆ. ತೇಜಸ್ವಿ ಫೋನ್ ಕಿಸೆಗೆ ಹಾಕಿ, "ಗುರುವಣ್ಣ, ನಂಗೂ ಕೆಲಸ ಹೋಗುತ್ತೆ, ನಿಮಗೂ ಹೋಗುತ್ತೆ," ಎಂದರು.

ಗುರುವ ತೇಜಸ್ವಿಯ ಕೈಹಿಡಿದು ತಗ್ಗಿನ ಅಂಚಿಗೆ ಕರೆದೊಯ್ದು, ಅಂಗೈಯನ್ನು ಮಣ್ಣಿನ ಮೇಲೆ ಇಡಿಸಿದರು. ತೇಜಸ್ವಿ ಕೈಯನ್ನು ಸರಕ್ಕನೆ ತೆಗೆದುಕೊಂಡರು. ಆಮೇಲೆ ಗುರುವ ಹೇಳಿದ್ದು ಇಷ್ಟು: "ತೆರೆಯಿರಿ ಅಂತ ನೀವು ಒಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ ಸರ್. ನಾನು ತೆರೀತೇನೆ. ಮತ್ತೆ ಇಲ್ಲಿ ನಿಲ್ಲುದಿಲ್ಲ, ಹೆಂಡತಿ ಮಗಳನ್ನು ಕರ್ಕೊಂಡು ಹೋಗ್ತೇನೆ."

ತೇಜಸ್ವಿ ಬರೆಯಲಿಲ್ಲ. ಮ್ಯಾನೇಜರ್ ಕೂಡ ಬರೆಯಲಿಲ್ಲ. ವಾಲ್ವ್ ಮುಚ್ಚಿಯೇ ಇತ್ತು.

ಬುಧವಾರ ಬೆಳಿಗ್ಗೆ ಮೂರು ಬಿಳಿ ಕಾರುಗಳು ಬಂದವು. ಗುರುವರಿಗೆ ಶೆಡ್ಡಿನ ಹಿಂದೆ ಇರಲು ಹೇಳಲಾಗಿತ್ತು. ಕೌನ್ಸಿಲ್ ಸದಸ್ಯರಲ್ಲಿ ಸಾಲಿಮ್ ಎಂಬ ಹಿರಿಯರೊಬ್ಬರು ಬೋರ್ಡಿನ ಮುಂದೆ ನಿಂತು, ಸಾವಿರ ಎಂದಿದ್ದಿರಲ್ಲ, ಇದು ಆರುನೂರ ಹತ್ತು ಯಾಕೆ ಎಂದು ಕೇಳಿದರು. ಮ್ಯಾನೇಜರ್ ನಿರ್ವಹಣೆಯ ಕೆಲಸ ನಡೆದಿದೆ ಎಂದರು. ಯಾವ ನಿರ್ವಹಣೆ ಎಂದು ಸಾಲಿಮ್ ಮತ್ತೆ ಕೇಳಿದರು. ಆಗ ತೇಜಸ್ವಿ ಶೆಡ್ಡಿನ ಹಿಂದಕ್ಕೆ ಹೋಗಿ ಗುರುವರನ್ನು ಕರೆತಂದು, ಇವರು ಹೇಳುತ್ತಾರೆ ಎಂದು ಮುಂದೆ ನಿಲ್ಲಿಸಿದರು. ಆ ಹುಡುಗನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು ಎಂದು ಗುರುವ ನೆನೆಯುತ್ತಾರೆ.

ಗುರುವ ಹಿಂದಿಯಲ್ಲಿ, ನಡುನಡುವೆ ಅರಬಿ ಸೇರಿಸಿ, ಕೆಳಗೆ ಬೆಂಕಿ ಇದೆ ಎಂದರು. ಸಾಲಿಮ್ ತಕ್ಷಣ ನಂಬಲಿಲ್ಲ, ಹೊಗೆ ಎಲ್ಲಿ ಎಂದು ಸುತ್ತ ನೋಡಿದರು. ಗುರುವ ಆ ಹಿರಿಯರನ್ನು ಗಟ್ಟಿನೆಲದ ಮೇಲಿಂದಲೇ ಕರೆದೊಯ್ದು ಮೂವತ್ತೇಳರ ಥರ್ಮಾಮೀಟರ್ ತೋರಿಸಿದರು. ಎಪ್ಪತ್ತೊಂದು. ಬಯಲಿನ ಅಂಚಿನಲ್ಲಿ ಕಾಣುವ ಖರ್ಜೂರದ ತೋಟ ಸಾಲಿಮ್ ಅವರದೇ. ತೋಟದ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ಅವರು ತೋಟದ ಕಡೆಗೆ ನೋಡಿ, ನೀರಿನ ಟ್ಯಾಂಕರ್ ತರಿಸಿದರೆ ಆರುವುದಿಲ್ಲವೇ ಎಂದರು. ನೀರು ಒಂದು ದಾರಿ ಹಿಡಿಯುತ್ತದೆ, ಬೆಂಕಿ ಇನ್ನೊಂದು ದಾರಿಯಲ್ಲಿರುತ್ತದೆ, ಅದಕ್ಕೆ ಗಾಳಿ ಸಿಗದ ಹಾಗೆ ಮಾಡುವುದೊಂದೇ ಉಪಾಯ ಎಂದು ಗುರುವ ವಿವರಿಸಿದರು. "ಹವಾ ಖಲಾಸ್, ಆಗ್ ಖಲಾಸ್," ಎಂದು ಎರಡು ಸಲ ಹೇಳಿದರಂತೆ. ಗಾಳಿ ಮುಗಿದರೆ ಬೆಂಕಿಯೂ ಮುಗಿಯಿತು.

ಮರುದಿನವೇ ಜೇಡಿಮಣ್ಣಿನ ಲಾರಿಗಳು ಬಂದವು. ಹದಿನೆಂಟು ದಿನ ಬಿರುಕುಗಳನ್ನು ಹುಡುಕಿ ಹುಡುಕಿ ಮುಚ್ಚಿದರು. ಯಂತ್ರಗಳಿಗೆ ದಾರಿ ತೋರಿಸಲು ಮುಂದೆ ಸರಳು ಚುಚ್ಚುತ್ತ ನಡೆದವರು ಗುರುವ. ಕಾವು ಎಪ್ಪತ್ತಮೂರಕ್ಕೆ ಏರಿ, ಆರು ದಿನ ಅಲ್ಲೇ ನಿಂತಿತು. ಆ ಆರು ದಿನ ಅವರು ಬಟ್ಟೆ ತುಂಬಿದ ಬ್ಯಾಗೊಂದನ್ನು ಮನೆಯ ಬಾಗಿಲಲ್ಲೇ ಇಟ್ಟಿದ್ದರು. ಏಳನೆಯ ದಿನ ಎಪ್ಪತ್ತೆರಡಾಯಿತು. ಗೇಟಿನ ಕಾವಲುಗಾರ ಅಬ್ದುಲ್‌ಗೆ ಆ ಅಂಕಿ ತೋರಿಸಿದಾಗ, ಅವರು ಏನೂ ಅರ್ಥವಾಗದೆಯೂ ಗುರುವರ ಮುಖ ನೋಡಿ ಅಲ್ಹಮ್ದುಲಿಲ್ಲಾ ಎಂದು ದೇವರನ್ನು ಸ್ತುತಿಸಿದರು.

ಕೌನ್ಸಿಲ್ ತನ್ನ ಮುಂದಿನ ಸಭೆಯಲ್ಲಿ ಗುಡ್ಡದ ಗುರಿಯನ್ನು ಏಳುನೂರು ಕಿಲೋವಾಟ್‌ಗೆ ಇಳಿಸಿತು. ಉಳಿದ ಮುನ್ನೂರನ್ನು ಶಾಲೆ, ಮಾರುಕಟ್ಟೆಗಳ ಮಾಡಿನ ಮೇಲೆ ಸೋಲಾರ್ ಹಾಕಿ ತುಂಬಿಸಿಕೊಳ್ಳುವುದೆಂದು ತೀರ್ಮಾನಿಸಿತು. ಬಾವಿಗಳ ಆಮ್ಲಜನಕದ ಅಂಕಿ ಪ್ರತಿ ವಾರ ಕೌನ್ಸಿಲ್ಲಿಗೇ ನೇರವಾಗಿ ಬರಬೇಕೆಂದೂ ಬರೆಯಿತು. ಮ್ಯಾನೇಜರ್ ಬೇರೆ ಕಡೆಗೆ ವರ್ಗವಾದರು. ತೇಜಸ್ವಿ ಇಲ್ಲೇ ಇದ್ದಾರೆ. ಗುರುವರ ವೀಸಾ ಎರಡು ವರ್ಷಕ್ಕೆ ನವೀಕರಣವಾಗಿದೆ. ಕೌನ್ಸಿಲ್ಲಿನ ವಾರ್ತಾಪತ್ರದಲ್ಲಿ ಗುಡ್ಡದ ಫೋಟೋ ಬಂದಿತ್ತು. ಅದರಲ್ಲಿ ಎಂಜಿನ್ ಇದೆ, ಬೋರ್ಡ್ ಇದೆ, ಗುರುವ ಇಲ್ಲ. ಅಂದು ಫೋಟೋ ತೆಗೆಯುವಾಗ ತಾವು ನಲವತ್ತನೆಯ ಬಾವಿಯ ಹತ್ತಿರ ಇದ್ದುದಾಗಿ ಹೇಳುತ್ತಾರೆ. ಅದರಲ್ಲಿ ಬೇಸರವೇನೂ ಕಾಣುವುದಿಲ್ಲ.

ಇವತ್ತು ಮೂವತ್ತೇಳನೆಯ ಬಾವಿ ಐವತ್ತೆಂಟು ಡಿಗ್ರಿ ತೋರಿಸುತ್ತಿದೆ. ಬೆಂಕಿ ಆರಿದೆಯೇ, ಮಲಗಿದೆಯೇ ಎಂದು ಯಾರಿಗೂ ಖಚಿತವಾಗಿ ಹೇಳಲಾಗದು. ಗಾಳಿ ಜೋರಾಗಿ ಬೀಸಿದ ದಿನ, ಮಳೆ ಬಂದು ಮಣ್ಣು ಕೊಚ್ಚಿದ ದಿನ ಗುರುವ ಎರಡು ಸುತ್ತು ಹೋಗುತ್ತಾರೆ. ಬಿಸಿಲು ಬೆಟ್ಟದಿಂದ ಬಯಲಿಗೆ ಇಳಿದಿದೆ. ಐವತ್ತೆಂಟನೆಯ ಬಾವಿ ಮುಗಿಸಿ ಕೆಳಗಿಳಿದು, ಶೆಡ್ಡಿನ ನೆರಳಲ್ಲಿ ಕೂತು ಫ್ಲಾಸ್ಕಿನ ಚಹಾ ಬಗ್ಗಿಸಿಕೊಳ್ಳುತ್ತಾರೆ.

ಮುಂದೇನು ಆಸೆ ಎಂದರೆ ಸ್ವಲ್ಪ ಯೋಚಿಸುತ್ತಾರೆ. ಎರಡು ವರ್ಷ ಕಳೆದರೆ ಊರಿಗೆ ಹೋಗಬೇಕು. ಗುಡ್ಡ ಪೂರ್ತಿ ತಣ್ಣಗಾಗಲು ಇನ್ನೂ ಇಪ್ಪತ್ತೈದು ವರ್ಷವಾದರೂ ಬೇಕು.

"ನನ್ನ ಜಾಗಕ್ಕೆ ದೊಡ್ಡ ಧೈರ್ಯದವನು ಬರುದು ಬೇಡ ಮಾರಾಯ್ರೆ," ಎನ್ನುತ್ತಾರೆ ಗುರುವ. "ದಿನಾ ಬೆಳಿಗ್ಗೆ ಸ್ವಲ್ಪ ಹೆದರುವವನು ಬಂದ್ರೆ ಸಾಕು."